ಬಸ್ಸು ನೋಡಿ ಸೆಕ್ಷನ್ ಮಾಡಿದೆ, ರಿಸಲ್ಟ್ ಬಂತು

ಬಿಎ ಮೊದಲ ವರ್ಷವನ್ನು ರೋಲ್ ನಂಬರ್ ಹಿಡಿದು ಎ, ಬಿ ಅಂತ ಒಡೆಯೋದು ಎಲ್ಲ ಕಡೆಯ ಪದ್ಧತಿ. ನಾನು ಮಕ್ಕಳು ಬರೋ ಬಸ್ಸು ನೋಡಿ ಒಡೆದೆ. 'ಇದೇನ್ರೀ, ಕಾಲೇಜಾ ಡಿಪೋನಾ?' ಅಂತ ಸ್ಟಾಫ್ ರೂಮಿನಲ್ಲಿ ಕೇಳಿದವರೇ ಈಗ ನನ್ನ ಟೈಮ್‌ಟೇಬಲ್ ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದಾರೆ.

ನಮ್ಮದು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜು. ಮುಕ್ಕಾಲು ಪಾಲು ಹಳ್ಳಿ ಮಕ್ಕಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ಪಿಯುಸಿಗೇ ಸಾಕು ಅನ್ನುತ್ತಿದ್ದ ಅಪ್ಪಂದಿರು ಮಗಳನ್ನು ಡಿಗ್ರಿಗೂ ಕಳಿಸಿದರು. ಇದು ದೊಡ್ಡ ವಿಷಯ, ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನಮ್ಮ ರೂಟುಗಳಲ್ಲಿ ಬಸ್ಸು ಮೊದಲಿನಷ್ಟೇ. ತುಂಬಿ ಬಂದ ಬಸ್ಸು ಸಣ್ಣ ಸ್ಟಾಪಿನಲ್ಲಿ ನಿಲ್ಲೋದಿಲ್ಲ. ಹತ್ತು ಗಂಟೆಯ ಪಿರಿಯಡ್‌ಗೆ ಅರ್ಧ ಬೆಂಚು ಖಾಲಿ. 10.40ರ ಹೊತ್ತಿಗೆ ಮೂವತ್ತು ನಲವತ್ತು ಮಕ್ಕಳು ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿರುತ್ತಿದ್ದರು. ಆ ಮೊದಲ ಪಿರಿಯಡ್ ಬಹುತೇಕ ದಿನ ಇಂಗ್ಲಿಷ್. ಫೇಲ್ ಆಗುತ್ತಿದ್ದದ್ದೂ ಇಂಗ್ಲಿಷ್‌ನಲ್ಲೇ. ಹಾಜರಿ 75 ಪರ್ಸೆಂಟ್ ಮುಟ್ಟದೆ ಒದ್ದಾಡುತ್ತಿದ್ದವರೂ ಇವರೇ.

ಎಲ್ಲರೂ ಮಾಡೋದನ್ನೇ ನಾವೂ ಮೊದಲು ಮಾಡಿದೆವು. ಸಂಜೆ ನಾಲ್ಕಕ್ಕೆ ಎಕ್ಸ್‌ಟ್ರಾ ಕ್ಲಾಸ್ ಇಟ್ಟೆವು. ಊರಿನ ಬಸ್ಸು 4.15ಕ್ಕೆ. ಯಾರು ಕೂರ್ತಾರೆ? ಭಾನುವಾರ ಇಟ್ಟರೆ ಹಾಸ್ಟೆಲ್‌ನವರು ಮಾತ್ರ ಬಂದರು. ವಾಟ್ಸಾಪಿನಲ್ಲಿ ನೋಟ್ಸ್ ಹಾಕಿದರೆ ಫೋನು ಅಣ್ಣನ ಕೈಯಲ್ಲಿ. ಜೆರಾಕ್ಸಿಗೇ ನನ್ನ ಜೇಬಿನಿಂದ ಐದಾರು ಸಾವಿರ ಹೋಗಿರಬೇಕು. ರಿಸಲ್ಟ್ ಇದ್ದಲ್ಲೇ ಇತ್ತು.

2024-25ಕ್ಕೆ ರಾಜ್ಯ ಸರ್ಕಾರ ನಾಲ್ಕು ವರ್ಷದ ಡಿಗ್ರಿ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ಅದು ನಮ್ಮ ಮಕ್ಕಳಿಗೆ ಒಳ್ಳೆಯದೇ. ಆದರೆ 40 ಇದ್ದ ಇಂಟರ್ನಲ್, ಅಂದರೆ ಕಾಲೇಜಿನಲ್ಲೇ ಕೊಡೋ ಅಂಕ, 20ಕ್ಕೆ ಇಳಿದು, ಬರೆಯೋ ಪರೀಕ್ಷೆ 80 ಆಯಿತು. ಇಂಟರ್ನಲ್ ಹಿಡಿದು ದಡ ಸೇರುತ್ತಿದ್ದವರಿಗೆ ಈಗ ಕ್ಲಾಸೇ ಗತಿ. ಹಾಗಾಗಿ ಆ ವರ್ಷ ನಾನು ಹಟ ಹಿಡಿದೆ.

ಅಡ್ಮಿಷನ್ ಟೇಬಲ್ಲಿನಲ್ಲೇ ಒಂದು ಚೀಟಿ ಇಟ್ಟೆ. ಯಾವ ಸ್ಟಾಪು, ಯಾವ ಬಸ್ಸು, ವಾಪಸ್ ಹೋಗೋ ಬಸ್ಸು ಎಷ್ಟಕ್ಕೆ, ಹತ್ತಿ ಬಿಡಿಸೋಕೆ ಯಾವ ತಿಂಗಳು ಹೋಗ್ತೀರಿ. ಡಿಪೋದ ವೇಳಾಪಟ್ಟಿ ನಂಬಬೇಡಿ. ಬೆಳಿಗ್ಗೆ ಗೇಟಿನಲ್ಲಿ ನಿಂತು, ಬಸ್ಸು ನಿಜವಾಗಿ ಬರೋ ಹೊತ್ತನ್ನು ಬರೆದುಕೊಳ್ಳಿ. ಟೌನು, ಹಾಸ್ಟೆಲ್ ಮಕ್ಕಳು ಎ ಸೆಕ್ಷನ್, ಹತ್ತಕ್ಕೆ ಶುರು. ತಡವಾಗಿ ಬರೋ ರೂಟಿನವರು ಬಿ, 10.50ಕ್ಕೆ ಶುರು. ಬಿ ಸೆಕ್ಷನ್ನಿನ ಇಂಗ್ಲಿಷ್ ಎರಡನೇ ಪಿರಿಯಡ್‌ಗೆ, ಊಟಕ್ಕೆ ಮುಂಚೆ. 4 ಗಂಟೆಗೆ ಎಲ್ಲ ಮುಗಿಯಲೇಬೇಕು.

ಕಷ್ಟ ಆದದ್ದು ರೂಮಿನದ್ದಲ್ಲ, ಅತಿಥಿ ಉಪನ್ಯಾಸಕರದ್ದು. ಎರಡು ಕಡೆ ಪಾಠ ಮಾಡೋರು ಅವರು. ಮೊದಲು ಅವರ ಗಂಟೆ ಕೂರಿಸಿ, ಆಮೇಲೆ ಕಾಯಂನವರದ್ದು ತುಂಬಿದೆ. ಮೂರಕ್ಕೇ ಮನೆಗೆ ಹೊರಡುತ್ತಿದ್ದ ಹಿರಿಯರನ್ನು ಹೇಗೆ ಒಪ್ಪಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಮೊದಲ ಸೆಮಿಸ್ಟರ್‌ನಲ್ಲಿ ನೂರಕ್ಕೆ ನಲವತ್ತೈದರ ಆಸುಪಾಸು ಎಲ್ಲ ವಿಷಯ ಪಾಸಾಗುತ್ತಿದ್ದರು. ಈ ಸಲ ಎಪ್ಪತ್ತು ದಾಟಿತು. ಇಂಗ್ಲಿಷ್‌ನಲ್ಲಿ ಫೇಲಾಗಿ ಬ್ಯಾಕ್ ಉಳಿದವರು ಮೊದಲಿನ ಅರ್ಧಕ್ಕಿಂತ ಕಡಿಮೆ.

ಹತ್ತಿ ಸೀಸನ್ನಿಗೂ ಒಂದು ಪ್ರಯೋಗ ಮಾಡಿದೆ. ದಿನಕ್ಕೆ ಮುನ್ನೂರು ನಾನೂರು ಸಿಗೋ ಕೂಲಿ ಬಿಟ್ಟು ಬಾ ಅಂತ ಯಾವ ಬಾಯಲ್ಲಿ ಹೇಳಲಿ? ಒಂದೊಂದು ಪಾಠಕ್ಕೆ ಒಂದು ಹಾಳೆ ಮಾಡಿ ಕೊಟ್ಟೆ. ಹೊಲದಿಂದ ವಾಪಸ್ ಬಂದ ಹಾಳೆಗಳ ಮಡಿಕೆಯಲ್ಲಿ ಹತ್ತಿ ಎಳೆ ಅಂಟಿತ್ತು, ಅಂಚಿನಲ್ಲಿ ಪೆನ್ಸಿಲ್ ಗೆರೆಗಳಿದ್ದವು. ಓದಿದ್ದರು. ಆದರೂ ಅಂಕ ಅಷ್ಟಾಗಿ ಏರಲಿಲ್ಲ. ಮೊದಲ ಟೆಸ್ಟನ್ನು ದಸರಾಕ್ಕೆ ಮುಂಚೆಯೇ ಮುಗಿಸಿದ್ದು ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು.

ಅದೇ ಚೀಟಿಯ ಹಿಂದೆ ಈಗ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತಲೂ ಕೇಳುತ್ತೇನೆ. ಸ್ಕಾಲರ್‌ಶಿಪ್ ಆಧಾರ್ ಜೋಡಿಸಿದ ಹಳೇ ಖಾತೆಗೆ ಹೋಗಿ ಕೂತದ್ದು ಎಷ್ಟೋ ಮಕ್ಕಳಿಗೆ ಗೊತ್ತೇ ಇರೋದಿಲ್ಲ. ಮುಂದಿನ ವರ್ಷ ಬಿಕಾಂಗೂ ಇದೇ ಮಾಡುತ್ತೇವೆ. ಬಿಎಸ್ಸಿಗೆ ಆಗೋದಿಲ್ಲ, ಮೂರು ಗಂಟೆಯ ಪ್ರಾಕ್ಟಿಕಲ್ ಇಟ್ಟುಕೊಂಡು 4.15ರ ಬಸ್ಸು ಹಿಡಿಸೋ ದಾರಿ ಇನ್ನೂ ಸಿಕ್ಕಿಲ್ಲ.