ಸಿಮೆಂಟ್ ನೆಲದಲ್ಲಿ ಕಲಿತ ಆ್ಯಕ್ಸೆಲ್ ಐಸ್ ಮೇಲೂ ನಿಂತಿತು

ಕ್ವಾಡ್ (ನಾಲ್ಕು ವೀಲ್‌ನ ಸ್ಕೇಟ್) ಬಿಟ್ಟು ಐಸ್‌ಗೆ ಹೋಗುತ್ತೇನೆ ಅಂದಾಗ ಬೆಂಗಳೂರಿನ ನಮ್ಮ ಸ್ಕೇಟಿಂಗ್ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಎರಡೂ ಬೇರೆ ಆಟ, ಸುಮ್ನೆ ದುಡ್ಡು ಹಾಳು" ಅಂದರು. ಹೋದ ಸೀಸನ್‌ನಲ್ಲಿ ನನ್ನ ಪ್ರೋಗ್ರಾಂನ ಆ್ಯಕ್ಸೆಲ್ (ಮುಂದಕ್ಕೆ ಮುಖ ಮಾಡಿ ಎದ್ದು ಒಂದೂವರೆ ಸುತ್ತುವ ಜಂಪ್) ಮತ್ತು ಡಬಲ್ ಸಾಲ್ಕೌ (ಎರಡು ಸುತ್ತಿನ ಇನ್ನೊಂದು ಜಂಪ್) ಎರಡೂ ನಿಂತವು. ಸ್ಕೋರ್ ಶೀಟ್‌ನಲ್ಲಿ ಎರಡರ ಪಕ್ಕದಲ್ಲೂ ಸುತ್ತು ಕಮ್ಮಿ ಅನ್ನುವ ಗುರುತು ಇರಲಿಲ್ಲ. ಎರಡನ್ನೂ ನಾನು ಕಲಿತದ್ದು ಸಿಮೆಂಟ್ ಮೇಲೆ.

ನಮ್ಮಲ್ಲಿ ವೀಲ್ ಮೇಲೆ ಜಂಪ್ ಮಾಡುವವರಿಗೆ ಬರವಿಲ್ಲ. ಹೈದರಾಬಾದಿನ ಅನೂಪ್ ಕುಮಾರ್ ಯಾಮಾ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ತಂದದ್ದು ವೀಲ್ ಮೇಲೇ ಅಲ್ವಾ? ನಮಗೆ ಇಲ್ಲದ್ದು ಐಸ್ ಒಂದೇ.

ಮೊದಲು ಕ್ವಾಡ್ ಮೇಲೇ ಪ್ರಾಕ್ಟೀಸ್ ಮಾಡಿ ನೇರ ಐಸ್‌ಗೆ ಹೋದೆ. ಆ ಪ್ರವಾಸ ಪೂರ್ತಿ ದಂಡವಾಯಿತು. ಕ್ವಾಡ್ ಭಾರ ಜಾಸ್ತಿ, ಆ ಭಾರಕ್ಕೆ ತಕ್ಕಂತೆ ಕಾಲು ಎತ್ತುವ ಅಭ್ಯಾಸ ಆಗಿರುತ್ತದೆ. ಐಸ್ ಬೂಟಿನಲ್ಲಿ ಅಷ್ಟೇ ಜೋರಾಗಿ ಎದ್ದರೆ ಸುತ್ತು ಬೇಗ ಮುಗಿಯುತ್ತದೆ, ಇಳಿದ ಮೇಲೂ ಮೈ ತಿರುಗುತ್ತಲೇ ಇರುತ್ತದೆ. ಬ್ಯಾಕ್ ಔಟ್‌ಸೈಡ್ ಎಡ್ಜ್ (ಹಿಂದಕ್ಕೆ ಜಾರುವಾಗ ಬ್ಲೇಡ್‌ನ ಹೊರ ಅಂಚು) ಹಿಡಿಯುವಷ್ಟರಲ್ಲಿ ಸೊಂಟ ನೆಲಕ್ಕೆ.

ಆಮೇಲೆ ಹಳೆಯ ಐಸ್ ಬೂಟಿನಿಂದ ಬ್ಲೇಡ್ ಬಿಚ್ಚಿ, ಅದಕ್ಕೆ ಒಂದೇ ಸಾಲಿನಲ್ಲಿ ಮೂರು ವೀಲ್ ಇರುವ ಇನ್‌ಲೈನ್ ಫಿಗರ್ ಫ್ರೇಮ್ ಹಾಕಿದೆ. ನಡುವಿನ ವೀಲ್ ಒಂದು ಚೂರು ಕೆಳಗಿರುತ್ತದೆ, ಹಾಗಾಗಿ ಬ್ಲೇಡ್‌ನ ರಾಕರ್ (ಉದ್ದಕ್ಕೂ ಇರುವ ಬಾಗು) ಮೇಲೆ ತಿರುಗಿದ ಹಾಗೇ ತ್ರೀ-ಟರ್ನ್ (ಒಂದೇ ಕಾಲಲ್ಲಿ ದಿಕ್ಕು ಬದಲಿಸುವ ತಿರುವು) ಬರುತ್ತದೆ. ಟೋ ಪಿಕ್ (ಬ್ಲೇಡ್‌ನ ಮುಂತುದಿಯ ಹಲ್ಲುಗಳು) ಜಾಗದಲ್ಲಿ ರಬ್ಬರ್ ಸ್ಟಾಪರ್. ವೀಲ್‌ನ ಬೂಟು, ಐಸ್‌ನ ಬೂಟು ಒಂದೇ ಕಂಪನಿ, ಒಂದೇ ಮಾಡೆಲ್ ಇರಬೇಕು. ಇದರಲ್ಲಿ ಉಳಿಸಲು ಹೋಗಬೇಡಿ. ಫ್ರೇಮನ್ನು ಬೂಟಿನ ನಡುಗೆರೆಯಿಂದ ಎಷ್ಟು ಸರಿಸಿ ಕೂರಿಸಿದೆ ಅನ್ನುವುದನ್ನು ಮಾತ್ರ ನನ್ನ ಹತ್ತಿರ ಕಲಿಯುವ ಮಕ್ಕಳಿಗಷ್ಟೇ ಹೇಳುತ್ತೇನೆ.

ಪಿಕ್ ಊರದೆ ಅಂಚಿನಿಂದಲೇ ಏಳುವ ಎಡ್ಜ್ ಜಂಪ್‌ಗಳು ಬೇಗ ಐಸ್‌ಗೆ ದಾಟುತ್ತವೆ. ಸಾಲ್ಕೌ, ಲೂಪ್, ಆ್ಯಕ್ಸೆಲ್ ಮೂರೂ ನನಗೆ ಆ ಕ್ರಮದಲ್ಲೇ ಬಂದವು. ಪಿಕ್ ಊರಿ ಏಳುವ ಟೋ ಜಂಪ್‌ಗಳೇ ಸತಾಯಿಸಿದ್ದು. ರಬ್ಬರ್ ಸಿಮೆಂಟನ್ನು ಒತ್ತುತ್ತದೆ, ಪಿಕ್ ಐಸ್‌ಗೆ ನಾಟಿಕೊಳ್ಳುತ್ತದೆ. ಆ ಟೈಮಿಂಗ್ ವೀಲ್ ಮೇಲೆ ಬರುವುದೇ ಇಲ್ಲ. ಫ್ಲಿಪ್, ಲಟ್ಜ್ ಎಂಬ ಟೋ ಜಂಪ್‌ಗಳನ್ನು ಐಸ್ ಸಿಕ್ಕ ದಿನಗಳಿಗೆ ಇಟ್ಟುಕೊಂಡೆ. ಆ್ಯಕ್ಸೆಲ್‌ನಲ್ಲೂ ಒಂದು ವ್ಯತ್ಯಾಸ ಇದೆ. ಐಸ್ ಮೇಲೆ ಏಳುವಾಗ ಬ್ಲೇಡ್ ಸ್ವಲ್ಪ ಜಾರಿ ಸಹಾಯ ಮಾಡುತ್ತದೆ, ವೀಲ್ ಜಾರುವುದಿಲ್ಲ. ಹಾಗಾಗಿ ಸಿಮೆಂಟ್ ಮೇಲೆ ಕಳ್ಳ ಸುತ್ತಿಗೆ (ನೆಲದ ಮೇಲೇ ಸ್ವಲ್ಪ ತಿರುಗಿಬಿಡುವುದಕ್ಕೆ) ಜಾಗವಿಲ್ಲ, ಗಾಳಿಯಲ್ಲೇ ಪೂರ್ತಿ ಸುತ್ತಬೇಕು. ನನ್ನ ಶೀಟ್ ಕ್ಲೀನ್ ಆಗಿ ಬಂದದ್ದು ಇದರಿಂದಲೇ. ವರ್ಷವಿಡೀ ಐಸ್ ಇರುವವರಿಗೂ ಸ್ವಲ್ಪ ದಿನ ವೀಲ್ ಹಾಕಿ ಅನ್ನುತ್ತೇನೆ.

ಐಸ್‌ಗೆ ಹೋದ ಮೊದಲ ಎರಡು ದಿನ ಜಂಪ್ ಇಲ್ಲ, ಬರೀ ಎಡ್ಜ್ ಮತ್ತು ಸ್ಪಿನ್. ಶುರುವಿನಲ್ಲಿ ಬ್ಲೇಡ್‌ಗೆ ಅರ್ಧ ಇಂಚಿನ ಹಾಲೋ (ಬ್ಲೇಡ್‌ನ ಅಡಿಯಲ್ಲಿ ಎರಡು ಅಂಚುಗಳ ನಡುವಿನ ತೋಡು) ಹಾಕಿಸಿ. ಇನ್ನೂ ಆಳ ಮಾಡಿಸಿದರೆ ವೀಲ್‌ನಿಂದ ಬಂದ ಕಾಲಿಗೆ ಎಡ್ಜ್ ಕಚ್ಚಿ ಹಿಡಿಯುತ್ತದೆ. ಒಂದು ಕಡೆ ಸಾಣೆಗೆ ಕೊಟ್ಟಾಗ ಐಸ್ ಹಾಕಿ ಆಟದ ಬ್ಲೇಡ್ ಥರ ಉಜ್ಜಿ, ಪಿಕ್‌ನ ಕೆಳಗಿನ ಹಲ್ಲನ್ನೇ ತೇಯ್ದು ಕೊಟ್ಟರು. ಆ ಬ್ಲೇಡ್ ಮತ್ತೆ ಸ್ಪಿನ್‌ಗೆ ಬರಲಿಲ್ಲ, ಇಪ್ಪತ್ತು ಸಾವಿರದ ಮೇಲೆ ಹೋಯಿತು. ಸಾಣೆ ಹಿಡಿಯುವಾಗ ಪಕ್ಕದಲ್ಲೇ ನಿಂತಿರಿ.

ಖರ್ಚು ಹೇಳುತ್ತೇನೆ. ಬೂಟು, ಬ್ಲೇಡ್, ಕಸ್ಟಮ್ಸ್ ಸೇರಿ ಲಕ್ಷದ ಹತ್ತಿರ. ಇನ್‌ಲೈನ್ ಫ್ರೇಮ್ ಮೂವತ್ತು ಸಾವಿರದ ಆಸುಪಾಸು. ಗುರುಗ್ರಾಮದ ಮಾಲ್ ರಿಂಕ್‌ಗೆ ವಾರದ ಪ್ರವಾಸ ಅಂದರೆ ವಿಮಾನ, ರೂಮು, ಐಸ್ ಎಲ್ಲ ಸೇರಿ ನಲವತ್ತು ಸಾವಿರ. ಎಲ್ಲವೂ ಮಕ್ಕಳಿಗೆ ಕ್ವಾಡ್ ಕಲಿಸಿ ದುಡಿದದ್ದು. ಮಾಲ್ ರಿಂಕ್ ಚಿಕ್ಕದು, ಅಲ್ಲಿ ಜಂಪ್‌ಗೆ ಮುಂಚಿನ ಓಟ ಮೊಟಕಾಗುತ್ತದೆ. ಡೆಹ್ರಾಡೂನ್‌ನ ರಿಂಕ್ 60x30 ಮೀಟರ್, ಪೂರ್ತಿ ಸೈಜ್. 2011ರ ದಕ್ಷಿಣ ಏಷ್ಯಾ ವಿಂಟರ್ ಗೇಮ್ಸ್‌ಗೆ ಕಟ್ಟಿದ್ದು, ವರ್ಷಗಟ್ಟಲೆ ಮುಚ್ಚಿತ್ತು, 2025ರಲ್ಲಿ ಮತ್ತೆ ತೆರೆಯಿತು. ಅಲ್ಲಿ ಮೊದಲ ಸಲ ಪ್ರೋಗ್ರಾಂ ಓಡಿಸಿದಾಗ ನಾನು ಕೊನೆಯ ಸ್ಪಿನ್‌ಗೆ ಬರುವ ಮೊದಲೇ ಮ್ಯೂಸಿಕ್ ಮುಗಿದಿತ್ತು. ಈಗ ಬೆಂಗಳೂರಿನಲ್ಲಿ ಖಾಲಿ ಪಾರ್ಕಿಂಗ್ ಜಾಗ ಹುಡುಕಿ, ಚಾಕ್‌ಪೀಸ್‌ನಲ್ಲಿ ಅಷ್ಟೇ ಅಳತೆ ಗೆರೆ ಎಳೆದು ಓಡಿಸುತ್ತೇನೆ.

ನಡುವೆ ಪ್ಲಾಸ್ಟಿಕ್ ಐಸ್ ಶೀಟನ್ನೂ ನೋಡಿದೆ. ನಾಲ್ಕಾರು ಶೀಟ್ ಜೋಡಿಸಿ, ಗ್ಲಿಸರಿನ್ ನೀರು ಹೊಡೆದು, ಟೆರೇಸ್ ಮೇಲೆ ಸ್ಪಿನ್ ಮಾಡಿದೆ. ಪಿಕ್ ಹಾಕುವ ಅಭ್ಯಾಸಕ್ಕೆ ಪರವಾಗಿಲ್ಲ. ಆದರೆ ಗ್ಲೈಡ್ ಇಲ್ಲ, ಬ್ಲೇಡ್ ಬೇಗ ಮೊಂಡಾಗುತ್ತದೆ. ಮಾರಿಬಿಟ್ಟೆ.

ಈಗ ಡಬಲ್ ಆ್ಯಕ್ಸೆಲ್ ಹಿಡಿದಿದ್ದೇನೆ. ಸಿಂಗಲ್‌ಗೆ ಬೇಸ್ ವ್ಯಾಲ್ಯೂ (ಜಂಪ್‌ನ ಮೂಲ ಅಂಕ) 1.1, ಡಬಲ್‌ಗೆ 3.3. ಸಿಮೆಂಟ್ ಮೇಲೆ ಇನ್ನೂ ಕಾಲು ಸುತ್ತು ಬಾಕಿ ಇದೆ. ಅದು ಪೂರ್ತಿ ಆಗುವ ತನಕ ಡೆಹ್ರಾಡೂನ್ ಟಿಕೆಟ್ ಬುಕ್ ಮಾಡುವುದಿಲ್ಲ.