ಮಂಡಿ ನೋವಿನವರ ಜೊತೆ ಮಧ್ಯ ಇಟಲಿ: ಹಾಳು ಊರು, ಬೆಟ್ಟದೂರು, ಮ್ಯೂಸಿಯಂ

ಮಧ್ಯ ಇಟಲಿಗೆ ಹೊರಟವರೆಲ್ಲ ಮೊದಲು ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಕೂರುತ್ತಾರೆ. ಪಟ್ಟಿ ಆಮೇಲೆ ಮಾಡಿ. ಮೊದಲು ಎರಡು ವಿಷಯ ವಿಚಾರಿಸಿಕೊಳ್ಳಿ: ಆ ಜಾಗಕ್ಕೆ ಯಾವ ವಾರ ರಜೆ, ಅಲ್ಲಿ ಎಷ್ಟು ಮೆಟ್ಟಿಲು. ನಾನು ಕರೆದುಕೊಂಡು ಹೋಗಿದ್ದು ನಮ್ಮತ್ತೆಯನ್ನು. ವಯಸ್ಸು ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋವು, ಕಣ್ಣು ಮತ್ತು ಬಾಯಿ ಮಾತ್ರ ಚುರುಕು. ಅವರ ಮಂಡಿಯನ್ನು ನೋಡಿಕೊಂಡು ದಿನ ಜೋಡಿಸಿದ್ದರಿಂದ ನನಗೂ ಲಾಭವೇ ಆಯಿತು. ಇಪ್ಪತ್ತೈದರ ಹುಡುಗರಿಗೂ ನಾನು ಇದೇ ಕ್ರಮ ಹೇಳುತ್ತೇನೆ.

ಉಳಿಯುವುದು ಎರಡೇ ಊರಲ್ಲಿ

ದಿನಕ್ಕೊಂದು ಊರಲ್ಲಿ ರೂಮ್ ಹಿಡಿದರೆ ಸೂಟ್‌ಕೇಸ್ ಎಳೆಯುವುದರಲ್ಲೇ ಅರ್ಧ ರಜೆ ಹೋಗುತ್ತದೆ. ಅದೂ ಕಲ್ಲು ಹಾಸಿದ ರಸ್ತೆಯಲ್ಲಿ. ರೋಮ್‌ನಲ್ಲಿ ಟೆರ್ಮಿನಿ ಸ್ಟೇಷನ್ ಹತ್ತಿರ ಒಂದು ರೂಮ್, ಫ್ಲಾರೆನ್ಸ್‌ನಲ್ಲಿ ಸಾಂತಾ ಮಾರಿಯಾ ನೊವೆಲ್ಲಾ ಸ್ಟೇಷನ್ ಹತ್ತಿರ ಒಂದು ರೂಮ್, ಇಷ್ಟು ಸಾಕು. ವೇಗದ ರೈಲಿನಲ್ಲಿ ಇವೆರಡರ ನಡುವೆ ಸುಮಾರು ಒಂದೂವರೆ ಗಂಟೆ. ಉಳಿದ ಊರುಗಳಿಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ರೂಮ್ ಬುಕ್ ಮಾಡುವಾಗ ಲಿಫ್ಟ್ ಇದೆಯಾ ಅಂತ ಮಾತ್ರ ಕೇಳಬೇಡಿ, ಲಿಫ್ಟ್ ನೆಲಮಟ್ಟದಿಂದ ಶುರುವಾಗುತ್ತದಾ ಅಂತಲೂ ಕೇಳಿ. ಹಳೇ ಕಟ್ಟಡಗಳಲ್ಲಿ ಹತ್ತು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಸಿಗುವುದುಂಟು.

ವೇಗದ ರೈಲಿನ ಟಿಕೆಟ್ ಮುಂಚೆ ತಗೊಂಡಷ್ಟೂ ಅಗ್ಗ. ಸಣ್ಣ ಊರುಗಳಿಗೆ ಹೋಗುವ 'ರೆಜಿಯೊನಾಲೆ' ರೈಲಿಗೆ ಯಾವಾಗ ತಗೊಂಡರೂ ಅದೇ ದರ, ಹೊರಡುವ ದಿನ ತಗೊಂಡರಾಯಿತು. ಆದರೆ ಕಾಗದದ ಟಿಕೆಟ್ ತಗೊಂಡರೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಪುಟ್ಟ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಇಲ್ಲದ ಟಿಕೆಟ್‌ಗೆ ದಂಡ ಬೀಳುತ್ತದೆ.

ಕಾರು ಬಾಡಿಗೆಗೆ ತಗೊಳ್ಳುವ ಆಸೆ ಇದ್ದರೆ ಒಂದು ಮಾತು. ಹಳೇ ಊರುಗಳ ಒಳಗೆ ಹೊರಗಿನವರ ಕಾರು ಬಿಡದ ವಲಯ ಇರುತ್ತದೆ, ಅದಕ್ಕೆ ಝಡ್‌ಟಿಎಲ್ ಅನ್ನುತ್ತಾರೆ. ಬಾಗಿಲಲ್ಲಿ ಪೊಲೀಸರು ನಿಂತಿರುವುದಿಲ್ಲ, ಕ್ಯಾಮೆರಾ ಇರುತ್ತದೆ. ದಂಡದ ಚೀಟಿ ಆಮೇಲೆ ಮನೆಗೆ ಬರುತ್ತದೆ.

ಯಾವ ವಾರ ಎಲ್ಲಿಗೆ

ಸೋಮವಾರ ಫ್ಲಾರೆನ್ಸ್‌ನ ಉಫೀಝಿ ಮತ್ತು ಅಕಾಡೆಮಿಯಾ ಮ್ಯೂಸಿಯಂಗಳಿಗೆ ರಜೆ. ರೋಮ್‌ನಲ್ಲಿ ಬೋರ್ಗೇಸೆ ಗ್ಯಾಲರಿ, ವಿಲ್ಲಾ ಜೂಲಿಯಾ ಮ್ಯೂಸಿಯಂ, ಹಾಳು ಊರು ಓಸ್ತಿಯಾ ಆಂತಿಕಾ ಕೂಡ ಸೋಮವಾರ ಮುಚ್ಚಿರುತ್ತವೆ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ಬಿಟ್ಟಿಯಾಗಿ ತೆರೆಯುತ್ತಾರೆ, ಆ ನೂಕುನುಗ್ಗಲಿಗೆ ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಸರ್ಕಾರಿ ಮ್ಯೂಸಿಯಂಗಳಿಗೆ ತಿಂಗಳ ಮೊದಲ ಭಾನುವಾರ ಪುಕ್ಕಟೆ ಪ್ರವೇಶ. ಅವತ್ತೂ ಜನ ಜಾಸ್ತಿ. ಹಾಗಾದರೆ ಸೋಮವಾರ ಏನು ಮಾಡೋದು? ರೋಮ್‌ನ ಕಾಪಿತೋಲಿನಿ ಮ್ಯೂಸಿಯಂ ತೆರೆದಿರುತ್ತದೆ. ಕುದುರೆ ಮೇಲೆ ಕೂತ ಮಾರ್ಕಸ್ ಅರೇಲಿಯಸ್ ಚಕ್ರವರ್ತಿಯ ಕಂಚಿನ ಮೂರ್ತಿ ಒಳಗಿದೆ. ಹೊರಗೆ ಚೌಕದಲ್ಲಿ ನಿಂತಿರುವುದು ನಕಲು. ಹಳೇ ಕಂಚಿನ ಮೂರ್ತಿಗಳನ್ನೆಲ್ಲ ಕರಗಿಸಿದ ಕಾಲದಲ್ಲಿ ಇದು ಉಳಿದದ್ದು, ಜನ ಇವನನ್ನು ಕ್ರೈಸ್ತ ಚಕ್ರವರ್ತಿ ಕಾನ್ಸ್ಟಂಟೈನ್ ಅಂದುಕೊಂಡಿದ್ದರಿಂದ.

ಮುಂಚೆಯೇ ಬುಕ್ ಮಾಡಲೇಬೇಕಾದವು: ಕೊಲೋಸಿಯಂ, ವ್ಯಾಟಿಕನ್, ಬೋರ್ಗೇಸೆ, ಉಫೀಝಿ, ಅಕಾಡೆಮಿಯಾ. ಕೊಲೋಸಿಯಂ ಟಿಕೆಟ್ ಮೇಲೆ ಹೆಸರಿರುತ್ತದೆ, ಗುರುತಿನ ಚೀಟಿ ಜೊತೆಗಿರಲಿ. ಬೋರ್ಗೇಸೆಯಲ್ಲಿ ನಿಮಗೆ ಸಿಗುವುದು ಎರಡೇ ಗಂಟೆ, ಆಮೇಲೆ ಹೊರಗೆ. ಅಲ್ಲಿ ಸೀದಾ ಶಿಲ್ಪಿ ಬರ್ನಿನಿಯ ಅಪೊಲೊ ಮತ್ತು ಡಾಫ್ನೆ ಮೂರ್ತಿಯ ಹತ್ತಿರ ಹೋಗಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಮರವಾಗುತ್ತಿರುವ ಹುಡುಗಿಯ ಕಾಲ್ಬೆರಳು ಮರದ ಬೇರಾಗುತ್ತಿರುವುದು, ಕೈಬೆರಳು ಎಲೆಯಾಗುತ್ತಿರುವುದು ಒಂದೇ ಕಡೆ ನಿಂತರೆ ಕಾಣುವುದಿಲ್ಲ.

ವ್ಯಾಟಿಕನ್‌ನಲ್ಲಿ ಮತ್ತು ಉಫೀಝಿಯಲ್ಲಿ ಗಾಲಿಕುರ್ಚಿ ಕೊಡುತ್ತಾರೆ, ಬಾಯಿ ಬಿಟ್ಟು ಕೇಳಬೇಕು ಅಷ್ಟೇ. "ನಾನೇನು ಕಾಲಿಲ್ಲದವಳಾ" ಅಂತ ಅತ್ತೆ ಮೊದಲು ಮುನಿಸಿಕೊಂಡರು. ಸಿಸ್ಟೈನ್ ಚಾಪೆಲ್‌ವರೆಗಿನ ಓಣಿಗಳು ಎಷ್ಟು ಉದ್ದ ಅಂತ ಗೊತ್ತಾದ ಮೇಲೆ ಮಾತಿಲ್ಲದೆ ಕೂತರು. ಚಾಪೆಲ್ ಒಳಗೆ ಫೋಟೋ ತೆಗೆಯುವಂತಿಲ್ಲ, ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಇರಬೇಕು. ಸೀರೆ ಉಟ್ಟವರಿಗೆ ಆ ಚಿಂತೆಯೇ ಇಲ್ಲ.

ಹಾಳು ಊರು ನೋಡಲು ಓಸ್ತಿಯಾ

ಕೊಲೋಸಿಯಂ ನೋಡಿ, ಬೇಡ ಅನ್ನುವುದಿಲ್ಲ. ಒಳಗೆ ಲಿಫ್ಟ್ ಕೂಡ ಇದೆ. ಅದೇ ಟಿಕೆಟ್‌ನಲ್ಲಿ ಹಳೇ ರೋಮ್‌ನ ಚೌಕವಾದ ಫೋರಂ, ಪಕ್ಕದ ಪಲಟೈನ್ ಗುಡ್ಡ ಸೇರಿವೆ. ಆದರೆ ಫೋರಂನ ಕಲ್ಲುಹಾಸು ಏರುಪೇರು, ನೆರಳು ಕಡಿಮೆ. ಮಂಡಿ ನೋವಿನವರನ್ನು ಕಾಪಿತೋಲಿನಿ ಗುಡ್ಡದ ಹಿಂಬದಿಯ ಕಟ್ಟೆಗೆ ಕರೆದುಕೊಂಡು ಹೋಗಿ. ಅಲ್ಲಿಂದ ಇಡೀ ಫೋರಂ ಕೆಳಗೆ ಹರಡಿಕೊಂಡಿರುವುದು ಕಾಣುತ್ತದೆ, ದುಡ್ಡೂ ಕೊಡಬೇಕಿಲ್ಲ.

ರೋಮನ್ನರು ಹೇಗೆ ಬದುಕಿದ್ದರು ಅಂತ ನೋಡಬೇಕಿದ್ದರೆ ಮಾತ್ರ ಅರ್ಧ ದಿನ ಓಸ್ತಿಯಾ ಆಂತಿಕಾಗೆ ಇಡಿ. ಪಿರಮಿಡೆ ಮೆಟ್ರೋ ಸ್ಟೇಷನ್ ಪಕ್ಕದಿಂದ ಲೋಕಲ್ ರೈಲು ಹೊರಡುತ್ತದೆ, ಊರಿನ ಮಾಮೂಲಿ ಮೆಟ್ರೋ ಟಿಕೆಟ್ಟೇ ನಡೆಯುತ್ತದೆ. ಇದು ಟೈಬರ್ ನದಿ ಸಮುದ್ರ ಸೇರುವ ಕಡೆ ಇದ್ದ ರೋಮ್‌ನ ಬಂದರು. ನದಿ ಹೂಳು ತುಂಬಿ ತುಂಬಿ ಈಗ ಸಮುದ್ರ ಸುಮಾರು 3 ಕಿಲೋಮೀಟರ್ ದೂರ ಸರಿದಿದೆ. ಜಾಗ ಬಹುತೇಕ ಸಮತಟ್ಟು, ಪೈನ್ ಮರಗಳ ನೆರಳಿದೆ, ಜನ ಕಡಿಮೆ.

ಎಲ್ಲವನ್ನೂ ನೋಡಲು ಹೋಗಬೇಡಿ. ಮೊದಲು ನಾಟಕಶಾಲೆಗೆ ಹೋಗಿ. ಅದರ ಹಿಂದೆ ವ್ಯಾಪಾರಿಗಳ ಚೌಕವಿದೆ. ಚೌಕದ ಸುತ್ತ ಸಾಲಾಗಿ ಸಣ್ಣ ಸಣ್ಣ ಕಚೇರಿಗಳು, ಪ್ರತಿಯೊಂದರ ಮುಂದೆ ನೆಲದಲ್ಲಿ ಕಪ್ಪು ಬಿಳಿ ಕಲ್ಲಿನ ಚೂರು ಜೋಡಿಸಿದ ಚಿತ್ರ. ಅದೇ ಅವರ ಬೋರ್ಡು. ಹಡಗು, ಮೀನು, ದೀಪಸ್ತಂಭ. ಒಂದು ಕಡೆ ಆನೆ ಇದೆ. ಅದು ಉತ್ತರ ಆಫ್ರಿಕಾದ ಸಬ್ರಾತಾ ಊರಿನ ವ್ಯಾಪಾರಿಗಳದು. ಓದು ಬಾರದವನಿಗೂ ಯಾರ ಅಂಗಡಿ ಅಂತ ಗೊತ್ತಾಗಬೇಕಲ್ವಾ?

ಅಲ್ಲಿಂದ ಡಯಾನಾ ಬೀದಿಯಲ್ಲಿರುವ ರೋಮನ್ನರ ಕಾಲದ ಹೋಟೆಲಿಗೆ ಬನ್ನಿ. ಬೀದಿಗೆ ಮುಖ ಮಾಡಿದ ಅಮೃತಶಿಲೆಯ ಕಟ್ಟೆ, ತಿಂಡಿ ಇಡಲು ಮೆಟ್ಟಿಲು ಮೆಟ್ಟಿಲಾದ ಶೆಲ್ಫ್, ಗೋಡೆ ಮೇಲೆ ಹಣ್ಣು ತರಕಾರಿಯ ಚಿತ್ರ, ಹಿಂದೆ ಕೂತು ತಿನ್ನಲು ಅಂಗಳ. ಹತ್ತಿರದಲ್ಲೇ ಸಾರ್ವಜನಿಕ ಪಾಯಿಖಾನೆ. ಅಮೃತಶಿಲೆಯ ಬೆಂಚಿನಲ್ಲಿ ಸಾಲಾಗಿ ತೂತು, ಮಧ್ಯೆ ಗೋಡೆಯಿಲ್ಲ. "ಇವರಿಗೆ ನಾಚಿಕೆ ಅನ್ನೋದೇ ಇರ್ಲಿಲ್ವೇನೇ?" ಅಂತ ಅತ್ತೆ ಕೇಳಿದರು. ಅವರಿಗೆ ಈಗಲೂ ಕೊಲೋಸಿಯಂಗಿಂತ ಇದೇ ಚೆನ್ನಾಗಿ ನೆನಪಿದೆ.

ಉಫೀಝಿಯಲ್ಲಿ ಏನು ಬಿಡಬೇಕು

ಉಫೀಝಿಯಲ್ಲಿ ಎಲ್ಲ ಕೋಣೆ ನೋಡುತ್ತೇನೆ ಅಂದವರು ಬೊತ್ತಿಚೆಲ್ಲಿಯ ಚಿತ್ರಗಳ ಹತ್ತಿರ ಬರುವಷ್ಟರಲ್ಲಿ ಗೋಡೆಗೆ ಒರಗಿರುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ, ಲಿಫ್ಟ್‌ನಲ್ಲಿ ಮೇಲಿನ ಮಹಡಿಗೆ ಹೋಗಿ, ಮೊದಲು ಯೇಸುವಿನ ತಾಯಿ ಮರಿಯಮ್ಮನ ಮೂರು ದೊಡ್ಡ ಚಿತ್ರಗಳಿರುವ ಕೋಣೆಯಲ್ಲಿ ನಿಲ್ಲಿ. ಚಿಮಬೂಯೆ, ದುಚ್ಚೋ, ಜೊತ್ತೊ, ಮೂವರೂ ಬರೆದಿದ್ದು ಒಂದೇ ವಿಷಯ: ಸಿಂಹಾಸನದ ಮೇಲೆ ತಾಯಿ, ಮಡಿಲಲ್ಲಿ ಮಗು, ಸುತ್ತ ದೇವದೂತರು, ಹಿಂದೆ ಚಿನ್ನದ ಬಣ್ಣ. ದುಚ್ಚೋನದು 1285ರ ಹೊತ್ತಿನದು, ಜೊತ್ತೊನದು ಸುಮಾರು 1310ರದು.

ಮೂರನ್ನೂ ನೋಡಿ ನಾನು ವಿವರಣೆ ಓದುತ್ತಿದ್ದೆ. ಅತ್ತೆ ಜೊತ್ತೊ ಮುಂದೆ ನಿಂತು, "ನೋಡೇ, ಇವಳಿಗೆ ಮಂಡಿ ಇದೆ" ಅಂದರು. ನಿಜ. ಉಳಿದ ಎರಡರಲ್ಲಿ ಸೆರಗಿನ ನೆರಿಗೆ ಚಿನ್ನದ ಗೆರೆಯಾಗಿಯೋ ಅಂಚಾಗಿಯೋ ಹರಿಯುತ್ತದೆ, ಮೈ ಅದರೊಳಗೆ ತೇಲುತ್ತದೆ. ಜೊತ್ತೊನ ತಾಯಿ ಮಾತ್ರ ಭಾರ ಬಿಟ್ಟು ಕೂತಿದ್ದಾಳೆ. ಬಟ್ಟೆಯಡಿ ಎರಡು ಮಂಡಿ ಉಬ್ಬಿವೆ, ಅಲ್ಲಿ ಬಣ್ಣ ತಿಳಿಯಾಗಿದೆ, ಮಧ್ಯೆ ನೆರಳು. ಇದೊಂದು ಕಂಡುಕೊಂಡರೆ ಮುಂದಿನ ಕೋಣೆಗಳಲ್ಲಿ ಏನನ್ನು ಹುಡುಕಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ಆಮೇಲೆ ಬೊತ್ತಿಚೆಲ್ಲಿ, ಆಮೇಲೆ ಓಣಿಯ ತುದಿಯ ಕಿಟಕಿಯಿಂದ ಆರ್ನೋ ನದಿ, ಆಮೇಲೆ ಕಾಫಿ. ಇಷ್ಟಕ್ಕೇ ನಿಲ್ಲಿಸಿದರೂ ಟಿಕೆಟ್ ದುಡ್ಡು ವಸೂಲು.

ಅಕಾಡೆಮಿಯಾದಲ್ಲಿ ಮೈಕೆಲೇಂಜೆಲೊನ ಡೇವಿಡ್, 5.17 ಮೀಟರ್ ಎತ್ತರ. ಅದನ್ನು ನೋಡಲು ಯಾರ ಸಲಹೆಯೂ ಬೇಕಿಲ್ಲ. ಫ್ಲಾರೆನ್ಸ್ ಕತೆಡ್ರಲ್‌ನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಕೆಳಗಿನಿಂದಲೇ ನೋಡಿ.

ಬೆಟ್ಟದೂರು ಹತ್ತದೇ ಹತ್ತುವುದು

ರೈಲು ಕಣಿವೆಯಲ್ಲಿ ನಿಲ್ಲುತ್ತದೆ, ಊರು ಮೇಲೆ ಬಂಡೆ ಮೇಲಿರುತ್ತದೆ. ನಮಗೆ ಭಯ ಇದ್ದದ್ದು ಇಲ್ಲೇ, ಆದರೆ ಅಲ್ಲಿಯವರು ಇದಕ್ಕೆ ಚೆನ್ನಾಗಿಯೇ ದಾರಿ ಮಾಡಿಟ್ಟಿದ್ದಾರೆ.

ಒರ್ವಿಯೆತೊ: ಸ್ಟೇಷನ್ ಎದುರಿಗೇ ಹಗ್ಗ ಎಳೆಯುವ ಪುಟ್ಟ ರೈಲು, ಫ್ಯುನಿಕೊಲಾರೆ. ಮೇಲೆ ಇಳಿದರೆ ಕತೆಡ್ರಲ್‌ಗೆ ಸಣ್ಣ ಬಸ್ಸು. ಕತೆಡ್ರಲ್ ಮುಖ ಪಡುವಣಕ್ಕಿದೆ, ಚಿನ್ನದ ಚಿತ್ರಗಳಿಗೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಆದ್ದರಿಂದ ಬೆಳಿಗ್ಗೆ ಅವಸರ ಬೇಡ. ಒಳಗೆ ಸಿನ್ಯೊರೆಲ್ಲಿಯ ಗೋಡೆಚಿತ್ರದಲ್ಲಿ ಸತ್ತವರು ನೆಲ ಸೀಳಿಕೊಂಡು ಮೈ ಕೊಡವಿ ಎದ್ದು ಬರುತ್ತಿದ್ದಾರೆ. ಫ್ಯುನಿಕೊಲಾರೆ ಪಕ್ಕದಲ್ಲೇ ಸಂತ ಪ್ಯಾಟ್ರಿಕ್ ಬಾವಿ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ಇಲ್ಲಿಗೆ ಓಡಿಬಂದ. ಊರಿಗೆ ಮುತ್ತಿಗೆ ಬಿದ್ದರೆ ನೀರಿರಲಿ ಅಂತ ತೋಡಿಸಿದ. ಇಳಿಯಲು ಒಂದು ಸುರುಳಿ ದಾರಿ, ಹತ್ತಲು ಬೇರೆ ದಾರಿ, ಒಂದೊಂದರಲ್ಲೂ 248 ಮೆಟ್ಟಿಲು. ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗದಿರಲಿ ಅಂತ ಈ ಉಪಾಯ. ನಾನು ಇಳಿದೆ, ಅತ್ತೆ ಮೇಲೆ ಬೆಂಚಿನಲ್ಲಿ ಕೂತು ಕಿತ್ತಳೆ ಸುಲಿದರು.

ಪೆರೂಜಾ: ಸ್ಟೇಷನ್ ಬಳಿಯಿಂದ ಮಿನಿಮೆತ್ರೊ ಅನ್ನುವ ಪುಟ್ಟ ರೈಲು ಮೇಲಕ್ಕೆ ಹೋಗುತ್ತದೆ. ನನಗೆ ಇಷ್ಟವಾದದ್ದು ಪಾರ್ತಿಜಾನಿ ಚೌಕದಿಂದ ಹೊರಡುವ ಎಸ್ಕಲೇಟರ್. ಅದು ರೊಕ್ಕಾ ಪಾವೊಲಿನಾ ಕೋಟೆಯ ಹೊಟ್ಟೆಯೊಳಗೆ ಹಾದು ಹೋಗುತ್ತದೆ. ಊರಿನವರು ಉಪ್ಪಿನ ತೆರಿಗೆಗೆ ತಿರುಗಿ ಬಿದ್ದರು ಅಂತ ಪೋಪ್ ಮೂರನೇ ಪಾಲ್ 1540ರಲ್ಲಿ ಬಾಲ್ಯೋನಿ ಮನೆತನದವರ ಓಣಿಗಳ ಮೇಲೇ ಕೋಟೆ ಕಟ್ಟಿಸಿದ. ಆ ಓಣಿ, ಮನೆಬಾಗಿಲು ಇವತ್ತಿಗೂ ನೆಲದಡಿ ಹಾಗೇ ಇವೆ.

ಸಿಯೆನಾಗೆ ಫ್ಲಾರೆನ್ಸ್‌ನಿಂದ ರೈಲಿಗಿಂತ ಬಸ್ಸು ವಾಸಿ. ಬಸ್ಸು ಮೇಲಿನ ಊರಿಗೇ ಬಿಡುತ್ತದೆ. ಕಾಂಪೊ ಚೌಕದ ಅರಮನೆಯಲ್ಲಿ ಲೊರೆಂಝೆತ್ತಿ 1338-39ರಲ್ಲಿ ಬರೆದ ಒಳ್ಳೇ ಆಡಳಿತ, ಕೆಟ್ಟ ಆಡಳಿತದ ಗೋಡೆಚಿತ್ರ ನೋಡಿ. ಜುಲೈ 2 ಮತ್ತು ಆಗಸ್ಟ್ 16ರಂದು ಇದೇ ಚೌಕದಲ್ಲಿ ಪಾಲಿಯೊ ಕುದುರೆ ಪಂದ್ಯ. ವಯಸ್ಸಾದವರ ಜೊತೆ ಅವತ್ತು ಹೋಗಲೇಬೇಡಿ. ಅಸಿಸಿಗೆ ಸ್ಟೇಷನ್‌ನಿಂದ ಬಸ್ಸಿದೆ.

ಚಿಲ್ಲರೆ ವಿಷಯ

ಜೇಬಲ್ಲಿ ಒಂದು, ಎರಡು ಯೂರೋ ನಾಣ್ಯ ಇಟ್ಟುಕೊಳ್ಳಿ. ರೋಮ್‌ನ ಸಾನ್ ಲೂಯಿಜಿ ದೇಯ್ ಫ್ರಾಂಚೇಸಿ ಚರ್ಚಿನಲ್ಲಿ ಚಿತ್ರಕಾರ ಕರವಾಜೊನ ಮೂರು ಚಿತ್ರಗಳಿವೆ, ಪ್ರವೇಶ ಉಚಿತ. ಆದರೆ ಅವಿರುವ ಚಾಪೆಲ್ ಕತ್ತಲು. ಡಬ್ಬಿಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಟಕ್ ಅಂತ ಆರುತ್ತದೆ. ಬೇರೆಯವರು ಹಾಕಲಿ ಅಂತ ಎಲ್ಲರೂ ಸುಮ್ನೆ ಕಾಯುತ್ತಿರುತ್ತಾರೆ, ನೀವೇ ಹಾಕಿಬಿಡಿ. ಎಡಗೋಡೆಯ ಚಿತ್ರದಲ್ಲಿ ಬೆಳಕು ಬಲಗಡೆಯಿಂದ ಬರುತ್ತದೆ, ಚಾಪೆಲ್‌ನ ನಿಜವಾದ ಕಿಟಕಿಯೂ ಆ ಕಡೆಗೇ ಇದೆ. ಚರ್ಚುಗಳು ಮಧ್ಯಾಹ್ನ ಮುಚ್ಚುತ್ತವೆ, ಆ ಹೊತ್ತಿಗೆ ಊಟ ಮತ್ತು ಒಂದು ನಿದ್ದೆ.

ಕಾಫಿ ನಿಂತು ಕುಡಿದರೆ ಒಂದು ದರ, ಕೂತರೆ ಬಹಳ ಕಡೆ ಜಾಸ್ತಿ. ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ಇದ್ದರೆ ಅದು ಮೇಜಿನ ದುಡ್ಡು, ಜಗಳ ಬೇಡ. ನೀರಿನ ಬಾಟಲಿ ಕೊಳ್ಳಬೇಡಿ. ರೋಮ್ ಬೀದಿಗಳಲ್ಲಿ ಕಬ್ಬಿಣದ ಕಂಬಕ್ಕೆ ಬಾಗಿದ ಮೂಗಿನಂಥ ನಲ್ಲಿ ಇರುತ್ತದೆ, ನೀರು ಸದಾ ಸುರಿಯುತ್ತಿರುತ್ತದೆ. ತುದಿಯನ್ನು ಬೆರಳಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಏಪ್ರಿಲ್, ಮೇ ಅಥವಾ ಅಕ್ಟೋಬರ್‌ನಲ್ಲಿ ಹೋಗಿ. ಶೂ ಹೊಸದು ಬೇಡ.