ಮೊದಲು ಜಾಗ, ಆಮೇಲೆ ಪಾಠ

ಮೈಸೂರಿನಲ್ಲಿ ಹೊರಗಿನಿಂದ ಬಂದವರಿಗೆ ಮಾತಾಡುವ ಕನ್ನಡ ಕಲಿಸುವುದು ನನ್ನ ಕೆಲಸ. ವರ್ಗವಾಗಿ ಬಂದ ಬ್ಯಾಂಕಿನವರು, ಸಂಶೋಧನೆಗೆ ಬಂದ ಹುಡುಗರು, ಗೋಕುಲಂನಲ್ಲಿ ಯೋಗ ಕಲಿಯುವ ವಿದೇಶದವರು, ಎಲ್ಲರೂ ಬರುತ್ತಾರೆ. ಎಲ್ಲರ ದೂರೂ ಒಂದೇ: "ನಾವು ಕನ್ನಡದಲ್ಲಿ ಕೇಳಿದರೆ ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡ್ತಾರೆ." ನಿಜ. ನಮ್ಮ ಜನಕ್ಕೆ ದಾಕ್ಷಿಣ್ಯ ಜಾಸ್ತಿ. ಎದುರಿಗಿರುವವರು ಎರಡು ಸಲ ತಡವರಿಸಿದರೆ ಸಾಕು, ಪಾಪ ಅಂತ ಅವರ ಭಾಷೆಗೇ ಹೋಗಿಬಿಡುತ್ತೇವೆ, ಅಲ್ವಾ? ಕಲಿಯುವವರಿಗೆ ವ್ಯಾಕರಣಕ್ಕಿಂತ ದೊಡ್ಡ ಅಡ್ಡಿ ಇದೇ.

ಇದು ನನಗೆ ಗೊತ್ತಾಗಿದ್ದು ಮಂಗಳೂರಿನಲ್ಲಿ ತುಳು ಕಲಿಯುವಾಗ. 2011ರ ಜನಗಣತಿಯ ಪ್ರಕಾರ ತುಳು ಮಾತಾಡುವವರು 18 ಲಕ್ಷಕ್ಕಿಂತ ಹೆಚ್ಚು. ಅವರಲ್ಲಿ ಬಹಳ ಜನಕ್ಕೆ ಕನ್ನಡ ಚೆನ್ನಾಗಿಯೇ ಬರುತ್ತದೆ. "ಎಂಕ್ ತುಳು ಕಲ್ಪೊಡು" ಎಂದು ನಾನು ಹೇಳಿದರೆ, "ಓಹೋ, ಒಳ್ಳೆಯದಾಯಿತು ಮಾರಾಯ್ರೆ" ಎಂದು ಅಚ್ಚ ಕನ್ನಡದಲ್ಲಿ ಮಾತು ಶುರು. ಅಂಗಡಿ, ಆಫೀಸು, ಹೋಟೆಲು, ಎಲ್ಲ ಕಡೆ ಇದೇ ಕಥೆ. ಇದರಿಂದ ತಪ್ಪಿಸಿಕೊಂಡದ್ದು ಮೀನಿನ ಮಾರ್ಕೆಟ್‌ನಲ್ಲಿ. ಅಲ್ಲಿ ಕೂತ ಹೆಂಗಸರಿಗೂ ಕನ್ನಡ ಗೊತ್ತು. ಆದರೆ ಬಂಗುಡೆ, ಬೂತಾಯಿ ಖಾಲಿಯಾಗುವ ಭರಾಟೆಯಲ್ಲಿ ನನಗೋಸ್ಕರ ಭಾಷೆ ಬದಲಿಸಲು ಪುರುಸೊತ್ತು ಯಾರಿಗಿದೆ? ರೇಟು, ಚೌಕಾಸಿ, ಬೈಗುಳ, ನಗು, ಎಲ್ಲ ತುಳುವಿನಲ್ಲೇ ಕಿವಿಗೆ ಬಿತ್ತು. ರಾತ್ರಿ ತುಳು ಯಕ್ಷಗಾನಕ್ಕೆ ಹೋಗಿ ಕೂರುತ್ತಿದ್ದೆ. ಹಾಸ್ಯಗಾರ ಏನೋ ಹೇಳುತ್ತಾನೆ, ಜನ ಬಿದ್ದುಬಿದ್ದು ನಗುತ್ತಾರೆ. ಯಾಕೆ ನಕ್ಕರು ಅಂತ ಪಕ್ಕದವರನ್ನು ಕೇಳಬೇಕು. ಜನ ನಕ್ಕ ಜಾಗದಲ್ಲಿ ನಾನೂ ತಾನಾಗಿ ನಕ್ಕ ದಿನ, ಇನ್ನು ಬರುತ್ತೆ ಅನ್ನಿಸಿತು.

ಮೈಸೂರಿನಲ್ಲಿ ಭಾಷೆ ಕಲಿಸುವ ದೊಡ್ಡ ಪರಂಪರೆಯೇ ಇದೆ. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಇಲ್ಲೇ ಇದೆ. ಬೇರೆ ರಾಜ್ಯಗಳ ಮೇಷ್ಟ್ರುಗಳಿಗೆ ಹತ್ತು ತಿಂಗಳ ಕೋರ್ಸಿನಲ್ಲಿ ದಕ್ಷಿಣದ ಭಾಷೆಗಳನ್ನು ಅದು ಕಲಿಸುತ್ತಾ ಬಂದಿದೆ. ನನ್ನ ಹತ್ತಿರ ಬರುವವರಿಗೆ ಅಷ್ಟು ಸಮಯ ಇರುವುದಿಲ್ಲ. ಹಾಗಾಗಿ ಪುಸ್ತಕದ ಕ್ರಮ ಬಿಟ್ಟು ಜಾಗದ ಕ್ರಮ ಹಿಡಿದೆ. ಭಾಷೆ ಬದಲಿಸಲು ಯಾರಿಗೂ ಬಿಡುವಿಲ್ಲದ ಜಾಗ ಮೊದಲು ಆರಿಸುತ್ತೇನೆ. ಅಲ್ಲಿ ಏನು ಬೇಕೋ ಅಷ್ಟೇ ಪಾಠ.

ಮೊದಲ ಜಾಗ ದೇವರಾಜ ಮಾರ್ಕೆಟ್, ಅದರಲ್ಲೂ ಹೂವಿನ ಸಾಲು. ಬೆಳಗ್ಗೆ ವ್ಯಾಪಾರ ಜೋರಾಗಿರುವ ಹೊತ್ತಿಗೇ ಹೋಗಬೇಕು, ಮಧ್ಯಾಹ್ನ ಹೋದರೆ ಮತ್ತೆ ದಾಕ್ಷಿಣ್ಯ ಶುರುವಾಗುತ್ತೆ. ಹಿಂದಿನ ದಿನ ಕ್ಲಾಸಿನಲ್ಲಿ ಹತ್ತರವರೆಗೆ ಎಣಿಕೆ, "ಎಷ್ಟು", "ಕೊಡಿ", "ಬೇಡ", "ಚಿಲ್ಲರೆ ಇಲ್ಲ". ಇಷ್ಟು ಸಾಕು. ಯೋಗದವರದು ಇಲ್ಲಿ ಒಂದು ತಮಾಷೆ. ಏಕಂ, ದ್ವೇ, ತ್ರೀಣಿ ಅಂತ ಸಂಸ್ಕೃತದಲ್ಲಿ ಉಸಿರು ಎಣಿಸಲು ಅವರಿಗೆ ಸಲೀಸಾಗಿ ಬರುತ್ತದೆ. ಎರಡು ಮೊಳ ಮಲ್ಲಿಗೆ ಕೇಳಲು ಮಾತ್ರ ಬೆವರುತ್ತಾರೆ. ಪುಸ್ತಕದಲ್ಲಿ "ನನಗೆ ಎರಡು ಮೊಳ ಮಲ್ಲಿಗೆ ಹೂವು ಬೇಕಾಗಿದೆ" ಎಂದಿರುತ್ತದೆ. ಅಷ್ಟು ಮುಗಿಸುವ ಹೊತ್ತಿಗೆ ಹೂವಿನವರು ಇನ್ನಿಬ್ಬರಿಗೆ ಕೊಟ್ಟಾಗಿರುತ್ತೆ. "ಅಕ್ಕ, ಎರಡ್ ಮೊಳ ಕೊಡಿ" ಅಂದರೆ ಮುಗೀತು. ಆಕೆ ಮೊಣಕೈಗೆ ಹಿಡಿದು ಅಳೆದು, ಕತ್ತರಿಸಿ ಕೈಗಿಡುತ್ತಾರೆ. ಮೊಳ ಅಂದರೆ ಏನು ಅಂತ ನಾನು ವಿವರಿಸುವುದೇ ಇಲ್ಲ. ಹೂವಾದ ಮೇಲೆ ವೀಳ್ಯದೆಲೆ, ಆಮೇಲೆ ನಂಜನಗೂಡು ರಸಬಾಳೆ. ಬಾಳೆಹಣ್ಣಿನಲ್ಲಿ "ಇದಲ್ಲ, ಅದು" ಎಂದು ಹೇಳುವ ಪಾಠ ತಾನಾಗಿ ಆಗುತ್ತೆ, ಯಾಕೆಂದರೆ ಅಂಗಡಿಯವರು ಮೊದಲು ಕೊಡುವುದು ತುಂಬಾ ಹಣ್ಣಾಗಿರೋದನ್ನೇ.

ನಾನು ಸ್ವಲ್ಪ ದೂರ ನಿಲ್ಲುತ್ತೇನೆ. ಹತ್ತಿರ ಇದ್ದರೆ ಅಂಗಡಿಯವರು ನನ್ನನ್ನೇ ನೋಡಿ ಮಾತಾಡುತ್ತಾರೆ. ಟಿಪ್ಪಣಿ ಎಲ್ಲ ಆಮೇಲೆ, ಕಾಫಿ ಕುಡಿಯುವಾಗ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆಯಿರಿ, ತಿದ್ದಬೇಡಿ ಅಂತ ಹೇಳುತ್ತೇನೆ. ಅರಮನೆಗೆ ಪಾಠಕ್ಕೆ ಅಂತ ಕರೆದುಕೊಂಡು ಹೋಗುವುದಿಲ್ಲ. ಅಲ್ಲಿ ಮಾತಾಡುವವರು ಗೈಡ್ ಒಬ್ಬರೇ.

ಅಕ್ಷರ ಕಲಿಸುವುದು ಗ್ರಾಮಾಂತರ ಬಸ್ ಸ್ಟ್ಯಾಂಡ್‌ನಲ್ಲಿ. ಅ ಆ ಇ ಈಯಿಂದ ಶುರು ಮಾಡುವುದಿಲ್ಲ. ಮೊದಲ ಬೋರ್ಡು ಚಾಮರಾಜನಗರ. ನೋಡಿ, ಏಳು ಅಕ್ಷರದಲ್ಲಿ ಒಂದೂ ಒತ್ತಿಲ್ಲ, ದೀರ್ಘ ಬಿಟ್ಟರೆ ಬೇರೆ ಗುಣಿತವೂ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಊರು ಇಲ್ಲ! ಆಮೇಲೆ ಹುಣಸೂರು, ಕೊಂಬು ಬಂತು. ನಂಜನಗೂಡಿಗೆ ಸೊನ್ನೆ ಬಂತು. ಮಳವಳ್ಳಿ, ಕೊಳ್ಳೇಗಾಲದಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು. ಗುಂಡ್ಲುಪೇಟೆಯಲ್ಲಿ ಬೇರೆ ಅಕ್ಷರದ ಒತ್ತು. ಶ್ರೀರಂಗಪಟ್ಟಣ ಕೊನೆಗೆ, ಅದನ್ನು ಓದಿದವರು ಪಾಸ್. ಓದಿದ ಬಸ್ಸನ್ನೇ ಹತ್ತಬೇಕು ಎನ್ನುವುದು ನಿಯಮ. ತಪ್ಪಾಗಿ ಓದಿದರೆ ತಪ್ಪು ಊರು. ಬಸ್ಸಿನೊಳಗೆ ಕಂಡಕ್ಟರ್ "ಎಲ್ಲಿಗೆ?" ಅಂದಾಗ ಊರಿನ ಹೆಸರಿಗೆ "ಗೆ" ಸೇರಿಸಲೇಬೇಕು, ಪಕ್ಕದ ಅಜ್ಜಿ "ಎಲ್ಲಿಂದ ಬಂದ್ರವ್ವಾ?" ಅಂದಾಗ "ಇಂದ" ಬೇಕೇ ಬೇಕು. ಅಜ್ಜಿಯರು ಸಿಕ್ಕರೆ ನನ್ನ ಕೆಲಸ ಅರ್ಧ ಕಮ್ಮಿ. ಮದುವೆ, ಮಕ್ಕಳು, ಸಂಬಳ, ಯಾವುದನ್ನೂ ಅವರು ಬಿಡುವುದಿಲ್ಲ.

ಇಷ್ಟು ಆದಮೇಲೆ ಧಾರವಾಡ. ಮೈಸೂರಿನಿಂದ ಬೆಳಗಾವಿಗೆ ಹೋಗುವ ವಿಶ್ವಮಾನವ ಎಕ್ಸ್‌ಪ್ರೆಸ್ ಹಗಲು ರೈಲು, ಅದಕ್ಕೇ ಅದನ್ನು ಆರಿಸಿಕೊಂಡಿದ್ದು. ಬೇಗ ಮುಟ್ಟುವುದು ಬೇಕಿಲ್ಲ, ದಾರಿಯುದ್ದಕ್ಕೂ ಮಾತು ಬದಲಾಗುವುದು ಕೇಳಬೇಕು. ಮಂಡ್ಯದ ಕಡೆ "ಬತ್ತೀನಿ ಕಣಪ್ಪ", ಮದ್ದೂರಿನ ಆಸುಪಾಸು ವಡೆ ಮಾರುವವರ ರಾಗ. ಇಲ್ಲಿ ಕಡ್ಲೆಕಾಯಿ ಎಂದು ಮಾರಿದ್ದು ಹಾವೇರಿ, ಹುಬ್ಬಳ್ಳಿ ಹೊತ್ತಿಗೆ ಶೇಂಗಾ ಆಗಿರುತ್ತದೆ. "ಸ್ವಲ್ಪ ಸರೀರಿ" ಹೋಗಿ "ಜರಾ ಸರೀರಿ" ಬರುತ್ತದೆ. 1956ಕ್ಕೆ ಮುಂಚೆ ಧಾರವಾಡ ಬೇರೆ ಆಡಳಿತದಲ್ಲಿ, ಬೊಂಬಾಯಿ ಕಡೆಗೆ ಸೇರಿತ್ತು. ಮರಾಠಿ ಒಡನಾಟ ಮಾತಿನಲ್ಲಿ ಉಳಿದಿದೆ. ಇದನ್ನು ನಾನು ಹೇಳುವುದು ರೈಲಿನಲ್ಲೇ, ಅವರೇ "ಇದೇನು ಬೇರೆ ಕನ್ನಡ?" ಎಂದು ಕೇಳಿದ ಮೇಲೆ.

ಧಾರವಾಡದ ಖಾನಾವಳಿಯಲ್ಲಿ ಮೊದಲ ದಿನ ಎಲ್ಲರೂ ಮೂಕರು. "ಬರ್ರಿ, ಕುಂದರ್ರಿ, ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?" ಪುಸ್ತಕದ್ದೂ ಅಲ್ಲ, ಮೈಸೂರಿನದೂ ಅಲ್ಲ. ಅದೇ ಸಂಜೆ 1890ರಷ್ಟು ಹಳೆಯ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಭಾಷಣ ಇದ್ದರೆ ಕರೆದುಕೊಂಡು ಹೋಗುತ್ತೇನೆ. ವೇದಿಕೆಯ ಭಾಷಣ ಅವರಿಗೆ ರೊಟ್ಟಿ ಬಡಿಸುವ ಮಾತಿಗಿಂತ ಸುಲಭವಾಗಿ ಅರ್ಥವಾಗುತ್ತದೆ. ಗಾಬರಿ ಇಳಿಯುತ್ತದೆ. ಮಾರನೇ ದಿನ ಮತ್ತೆ ಅದೇ ಖಾನಾವಳಿ, ಅದೇ ಹೊತ್ತಿಗೆ. ಬೇರೆ ಕಡೆ ಹೋಗುವುದಿಲ್ಲ. ಬಡಿಸುವವರಿಗೆ ಮುಖ ಪರಿಚಯ ಆಗಿ, "ನಿನ್ನೆ ಬಂದಿದ್ರಲ್ರೀ" ಅಂದಾಗ ಮಾತು ಬೆಳೆಯುತ್ತೆ.

ಯಾವ ಕನ್ನಡ ಮಾತಾಡಬೇಕು ಅಂತ ಕೇಳುತ್ತಾರೆ. ಎಲ್ಲವನ್ನೂ ಕೇಳಿ ಅರ್ಥ ಮಾಡಿಕೊಳ್ಳಿ, ನಿಮ್ಮ ಕೆಲಸ ಇರುವ ಊರಿನದನ್ನು ಮಾತಾಡಿ ಅನ್ನುತ್ತೇನೆ. ಈಗಿನ ಬ್ಯಾಚಿನಲ್ಲಿ ಕಲಬುರಗಿಗೆ ಹೋಗಲಿರುವ ನರ್ಸ್ ಒಬ್ಬರಿದ್ದಾರೆ. ಅವರಿಗೆ ಧಾರವಾಡ ಸಾಲದು. ಹೈದರಾಬಾದ್ ಸಂಸ್ಥಾನದಲ್ಲಿದ್ದ ಆ ಕಡೆ ಉರ್ದು ಬೆರೆತ ಮಾತು ಜಾಸ್ತಿ, ನನ್ನ ಕಿವಿಗೇ ಅದು ಇನ್ನೂ ಪಳಗಿಲ್ಲ. ಅವರನ್ನು ಕರೆದುಕೊಂಡು ಹೋಗುವ ಮುಂಚೆ ನಾನೊಬ್ಬನೇ ಹೋಗಿ, ಅಲ್ಲಿನ ಮಾರ್ಕೆಟ್ಟು, ಬಸ್ ಸ್ಟ್ಯಾಂಡು, ಖಾನಾವಳಿ ನೋಡಿಕೊಂಡು ಬರಬೇಕು. ಮುಂದಿನ ತಿಂಗಳಿಗೆ ಟಿಕೆಟ್ ಮಾಡಿಸಿದ್ದೇನೆ.